ಅಣಶಿ ಘಟ್ಟ ಇಳಿದು ಕಡಲಿಗೆ: ಹುಬ್ಬಳ್ಳಿಯಿಂದ ಮನೆಮಂದಿಯ ಐದು ದಿನದ ಕಾರು ಪ್ರವಾಸ ಹೊಂದಿಸುವ ಬಗೆ

ನಕಾಶೆಯಲ್ಲಿ ಹುಬ್ಬಳ್ಳಿಯಿಂದ ಕಾರವಾರಕ್ಕೆ ಸುಮಾರು 165 ಕಿಲೋಮೀಟರ್. ಅದನ್ನು ನೋಡಿ "ಮುಂಜಾನೆ ದಾಂಡೇಲಿ, ಮಧ್ಯಾಹ್ನ ಕಾರವಾರ, ರಾತ್ರಿ ಮುರ್ಡೇಶ್ವರ" ಎಂದು ಹೊರಟವರು ಮೂರೂ ಕಡೆ ಪಾರ್ಕಿಂಗ್ ಜಾಗವನ್ನಷ್ಟೇ ನೋಡಿ ಬರುತ್ತಾರೆ. ಘಟ್ಟದಲ್ಲಿ ಗಂಟೆಗೆ 30-35 ಕಿಲೋಮೀಟರ್‌ಗಿಂತ ಹೆಚ್ಚು ಸರಾಸರಿ ಸಿಗುವುದಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು, ಅಜ್ಜಿ ಇದ್ದರೆ ಅದೂ ಇಲ್ಲ. ಹಾಗಾಗಿ ಮೊದಲು ಒಂದು ಹಾಳೆ ತೆಗೆದುಕೊಂಡು ಮೂರು ಹೊತ್ತು ಬರೆದುಕೊಳ್ಳಿ: ಸಫಾರಿ ಹೊರಡುವ ಹೊತ್ತು, ಘಟ್ಟ ದಾಟುವ ಹೊತ್ತು, ಸೂರ್ಯ ಮುಳುಗುವ ಹೊತ್ತು. ಊರು, ರೂಮು, ಊಟ ಎಲ್ಲ ಇವುಗಳ ಸುತ್ತ ತಾವಾಗಿ ಕೂಡುತ್ತವೆ.

ಯಾವ ದಾರಿ, ಯಾವ ದಿಕ್ಕು

ಈ ದಾರಿಯ ಕಾಡೆಂದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ದಾಂಡೇಲಿ ವನ್ಯಜೀವಿ ಧಾಮ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂತು. ಧಾರವಾಡ, ಹಳಿಯಾಳ ಮೇಲೆ ಹೋದರೆ ಹುಬ್ಬಳ್ಳಿಯಿಂದ ದಾಂಡೇಲಿಗೆ 75-80 ಕಿ.ಮೀ. ಅಲ್ಲಿಂದ ಗಣೇಶಗುಡಿ, ಜೋಯಿಡಾ, ಕುಂಬಾರವಾಡ, ಅಣಶಿ ದಾಟಿ ಘಟ್ಟ ಇಳಿದರೆ ಕದ್ರಾ, ಮುಂದೆ ಕಾರವಾರ. ಇದು ಸುಮಾರು 110 ಕಿ.ಮೀ. ಕಾರವಾರದಿಂದ ಗೋಕರ್ಣ 60 ಕಿ.ಮೀ. ಅಲ್ಲಿಂದ ಅಂಕೋಲಾಕ್ಕೆ ಮರಳಿ, ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ಮೇಲೆ ಮನೆಗೆ. ಅಂಕೋಲಾ-ಹುಬ್ಬಳ್ಳಿ 135 ಕಿ.ಮೀ. ಆಸುಪಾಸು.

ಇದನ್ನೇ ತಿರುಗಿಸಿ, ಕಡಲು ಮೊದಲು, ಕಾಡು ಆಮೇಲೆ ಎಂದು ಹೋಗಬಾರದೇ? ಹೋಗಬಹುದು, ಆದರೆ ಬೇಡ. ಸಫಾರಿಗೆ ದಿನಾಂಕ ನಿಗದಿ ಇರುತ್ತದೆ, ಕಡಲಿಗಿಲ್ಲ. ತಪ್ಪಿದರೆ ಮತ್ತೆ ಸಿಗದಿರುವುದನ್ನು ಮೊದಲು ಮುಗಿಸುವುದು ಲೇಸು. ಮುಖ್ಯವಾದ ಇನ್ನೊಂದು ಕಾರಣ ಬ್ರೇಕಿನದು. ಈ ದಿಕ್ಕಿನಲ್ಲಿ ಹೋದರೆ ಚಾಲಕ ದಣಿಯುವ ಮುನ್ನವೇ ಅಣಶಿ ಇಳಿಯುತ್ತೀರಿ, ದಣಿದ ಕೊನೆಯ ದಿನ ಅರಬೈಲ್ ಹತ್ತುತ್ತೀರಿ. ದಣಿದ ಚಾಲಕನಿಗೆ ಏರು ಕ್ಷಮಿಸುತ್ತದೆ, ಇಳಿಜಾರು ಕ್ಷಮಿಸುವುದಿಲ್ಲ.

ಗದಗದವರು ಮುಂಜಾನೆ ಒಂದು ತಾಸು ಮೊದಲು ಹೊರಟು ಹುಬ್ಬಳ್ಳಿ ಸೇರಿಕೊಂಡರೆ ಸಾಕು. ಹಾವೇರಿಯವರಿಗೆ ಬರುವಾಗ ಕುಮಟಾ, ಶಿರಸಿ, ಹಾನಗಲ್ಲ ಮೇಲೆ ಬರುವ ದಾರಿ ಹತ್ತಿರ ಎನಿಸುತ್ತದೆ. ಕುಮಟಾ-ಶಿರಸಿ ನಡುವಿನ ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲೀಕರಣ ವರ್ಷಗಟ್ಟಲೆ ನಡೆದಿದ್ದು, ಹಲವು ಸಲ ಸಂಚಾರ ನಿಂತಿದೆ. ಹೊರಡುವ ವಾರ ಶಿರಸಿ ಕಡೆಯವರನ್ನು ವಿಚಾರಿಸಿಯೇ ಆ ದಾರಿ ಹಿಡಿಯಿರಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವಾರ ಬಿದ್ದರೆ ಶಿರಸಿ ಪೇಟೆ ದಾಟುವುದೇ ಅರ್ಧ ದಿನದ ಕೆಲಸ.

ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನೂ ಇದಕ್ಕೇ ಜೋಡಿಸುವ ಆಸೆ ಹಲವರಿಗೆ. ಮುರ್ಡೇಶ್ವರದಿಂದ ಕಾರ್ಕಳದ ಕಡೆಗೆ ಇಳಿದು, ಮತ್ತೆ ಘಟ್ಟ ಹತ್ತಿ ಬರಲು ಕನಿಷ್ಠ ಎರಡು ದಿನ ಬೇಕು. ಅದನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಿ.

ಯಾವಾಗ

ನವೆಂಬರ್ ನಡುವಿನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯಲ್ಲಿ ಮನೆಮಂದಿಯನ್ನು ಕರೆದೊಯ್ಯಬೇಡಿ ಎಂದು ನೇರವಾಗಿಯೇ ಹೇಳಬೇಕು. ಮಳೆಗಾಲದಲ್ಲಿ ಅಣಶಿ, ಅರಬೈಲ್ ಎರಡೂ ಕಡೆ ಗುಡ್ಡ ಕುಸಿದ ಉದಾಹರಣೆಗಳಿವೆ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಜರಿದು ಹೆದ್ದಾರಿಯನ್ನೇ ನದಿಗೆ ನೂಕಿತು; ಕಾರವಾರದಿಂದ ಗೋಕರ್ಣಕ್ಕೆ ಹೋಗುವ ದಾರಿ ಅದೇ. ಮೇಲಾಗಿ ಆ ತಿಂಗಳುಗಳಲ್ಲಿ ರಾಫ್ಟಿಂಗ್ ಇಲ್ಲ, ಕಡಲಾಟ ಇಲ್ಲ. ಜೂನ್, ಜುಲೈ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನೂ ತುಟ್ಟಿ. ಡಿಸೆಂಬರ್ 24ರಿಂದ ಜನವರಿ 1ರವರೆಗೆ ಗೋಕರ್ಣ, ದಾಂಡೇಲಿ ಎರಡೂ ತುಂಬಿ ತುಳುಕುತ್ತವೆ, ರೂಮಿನ ದರ ಏರುತ್ತದೆ. ಮಹಾಶಿವರಾತ್ರಿಯ ಸುತ್ತ ಗೋಕರ್ಣದ ರಥಬೀದಿಯ ಹತ್ತಿರಕ್ಕೂ ಕಾರು ಸುಳಿಯದು. ಸೋಮವಾರ ಹೊರಟು ಶುಕ್ರವಾರ ಮರಳಿದರೆ ದಟ್ಟಣೆಯೂ ಕಡಿಮೆ, ಖರ್ಚೂ ಕಡಿಮೆ.

ಕಾಡಿನ ಬುಕಿಂಗ್

ಸಫಾರಿ ಅಥವಾ ಅರಣ್ಯ ಇಲಾಖೆಯ ಕುಳಗಿ ನಿಸರ್ಗ ಶಿಬಿರ ಬೇಕಿದ್ದರೆ ಒಂದು ತಿಂಗಳು ಮೊದಲೇ ನೋಡಿ. ರಾಜ್ಯ ಸರ್ಕಾರದ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನವರ ಎರಡು ತಾಣಗಳಿವೆ: ದಾಂಡೇಲಿಯ ಕಾಳಿ ಅಡ್ವೆಂಚರ್ ಕ್ಯಾಂಪ್, ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್. ಮಕ್ಕಳಿಗೆ ಆಟ, ನೀರು ಬೇಕಿದ್ದರೆ ಮೊದಲನೆಯದು. ಹಕ್ಕಿ ನೋಡುವವರಿಗೆ ಎರಡನೆಯದು. ಅಲ್ಲಿ ಹಕ್ಕಿಗಳು ಮೀಯಲೆಂದು ನೀರಿನ ತೊಟ್ಟಿಗಳನ್ನು ಇಟ್ಟಿರುವುದರಿಂದ ಅಜ್ಜ-ಅಜ್ಜಿಯರೂ ಕುರ್ಚಿಯಲ್ಲಿ ಕೂತೇ ಹಕ್ಕಿ ನೋಡಬಹುದು. ಹೋಮ್‌ಸ್ಟೇ ಹಿಡಿಯುವುದಾದರೆ ಫೋನಿನಲ್ಲಿ ಇವಿಷ್ಟು ಕೇಳಿ: ದರ ತಲೆಗೋ ರೂಮಿಗೋ, ಊಟ ಎಷ್ಟು ಹೊತ್ತಿನದು ಸೇರಿದೆ, ಕರೆಂಟು ಹೋದರೆ ಏನು ವ್ಯವಸ್ಥೆ, ಟಾರು ರಸ್ತೆಯಿಂದ ಒಳಗೆ ಮಣ್ಣಿನ ದಾರಿ ಎಷ್ಟು ದೂರ. ಕೊನೆಯ ಪ್ರಶ್ನೆ ಮರೆತವರ ಸೆಡಾನ್ ಕಾರಿನ ಹೊಟ್ಟೆ ಕಲ್ಲಿಗೆ ತಾಗುತ್ತದೆ. ಮುಂಗಡ ಹಾಕುವ ಮುನ್ನ ಹೋಮ್‌ಸ್ಟೇ ನೋಂದಣಿಯಾಗಿದೆಯೇ ಎಂದು ಖಚಿತಮಾಡಿಕೊಳ್ಳಿ, ಕ್ಯೂಆರ್ ಕೋಡ್ ಯಾರ ಹೆಸರು ತೋರಿಸುತ್ತದೆ ನೋಡಿ.

ಬೆಳಗಿನ ಸಫಾರಿ ಆರರ ಸುಮಾರಿಗೆ, ಸಂಜೆಯದು ನಾಲ್ಕರ ಸುಮಾರಿಗೆ ಹೊರಡುತ್ತದೆ. ನಿಮ್ಮ ದಿನಾಂಕದ ಸಮಯವನ್ನು ಬುಕಿಂಗ್ ಚೀಟಿಯಲ್ಲಿ ನೋಡಿಕೊಂಡು ಅರ್ಧ ತಾಸು ಮೊದಲೇ ಗುರುತಿನ ಚೀಟಿ ಹಿಡಿದು ಅಲ್ಲಿರಿ. ಹುಲಿ ಕಾಣುತ್ತದೆ ಎಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ. ಇದು ಬಂಡೀಪುರದಂಥ ಬಯಲು ಕಾಡಲ್ಲ. ದಟ್ಟ ಹಸಿರಿನಲ್ಲಿ ಹತ್ತು ಮಾರು ಆಚೆ ನಿಂತದ್ದೂ ಕಾಣದು. ಇಲ್ಲಿಯ ನಿಜವಾದ ಸಂಪತ್ತು ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್). ದೊಡ್ಡ ಮಂಗಟ್ಟೆ ಸೇರಿ ನಾಲ್ಕು ಬಗೆಯವು ದಾಂಡೇಲಿಯ ಸುತ್ತ ಇವೆ. ಜೊತೆಗೆ ಕೆಂಜಳಿಲು, ಕಾಡುಕೋಣ. ಒಂದು ಬೈನಾಕ್ಯುಲರ್ ಇದ್ದರೆ ಮಕ್ಕಳು ಹುಲಿಯನ್ನು ಮರೆಯುತ್ತಾರೆ.

ಗಣೇಶಗುಡಿಯ ರಾಫ್ಟಿಂಗ್ ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಾತ್ರ. ಹಿಂದಿನ ಸಂಜೆ ಫೋನ್ ಮಾಡಿ ಕೇಳಿ. ಚಿಕ್ಕ ಮಕ್ಕಳಿದ್ದರೆ ರಾಫ್ಟಿಂಗ್ ಬಿಟ್ಟು ಶಾಂತ ನೀರಿನ ಬೋಟಿಂಗ್ ಆರಿಸಿ, ಲೈಫ್ ಜಾಕೆಟ್ಟು ಮಗುವಿನ ಅಳತೆಯದ್ದೇ ಕೇಳಿ ಪಡೆಯಿರಿ. ದಾಂಡೇಲಿ ಊರ ಬಳಿಯ ಕಾಳಿಯಲ್ಲಿ ಮೊಸಳೆಗಳಿವೆ. ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂಡುವುದು, ಮಕ್ಕಳನ್ನು ಮೀಯಿಸುವುದು ಬೇಡವೇ ಬೇಡ.

ಕಾರಿನ ತಯಾರಿ

ಹೊರಡುವ ಹತ್ತು ದಿನ ಮೊದಲು ಗ್ಯಾರೇಜಿಗೆ ಹೋಗಿ, ಹಿಂದಿನ ದಿನವಲ್ಲ. ಭಾಗ ಬದಲಿಸಬೇಕಾದರೆ ತರಿಸಲು ಸಮಯ ಬೇಕು. ಕೇಳಬೇಕಾದ್ದು ನಾಲ್ಕು: ಬ್ರೇಕ್ ಪ್ಯಾಡಿನ ದಪ್ಪ, ಬ್ರೇಕ್ ಆಯಿಲ್, ಕೂಲಂಟ್, ಸ್ಟೆಪ್ನಿಯ ಗಾಳಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷ ದಾಟಿದ ಆಯಿಲ್ ಉದ್ದ ಇಳಿಜಾರಿನಲ್ಲಿ ಕಾದಾಗ ಒಳಗೆ ಆವಿಗುಳ್ಳೆ ಕಟ್ಟಿ ಪೆಡಲ್ ಮೆತ್ತಗೆ ಒಳಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಸಪಾಟು ರಸ್ತೆಯಲ್ಲಿ ಈ ದೋಷ ವರ್ಷಗಟ್ಟಲೆ ಗೊತ್ತೇ ಆಗದು. ಟೈರಿನ ಗಾಳಿಯನ್ನು ಚಾಲಕನ ಬಾಗಿಲಿನ ಚೀಟಿಯಲ್ಲಿ 'ಪೂರ್ಣ ಭಾರ' ಎಂದಿರುವ ಅಂಕಿಗೆ, ಟೈರು ತಣ್ಣಗಿದ್ದಾಗ ತುಂಬಿಸಿ.

ಘಟ್ಟ ಇಳಿಯುವಾಗ ಎರಡನೇ ಗೇರ್. ಇಂಜಿನ್ನೇ ಗಾಡಿಯನ್ನು ಹಿಡಿಯಲಿ, ಬ್ರೇಕನ್ನು ತಿರುವಿನ ಮುಂಚೆ ಗಟ್ಟಿಯಾಗಿ ಒತ್ತಿ ಬಿಡಿ. ಉದ್ದಕ್ಕೂ ಕಾಲು ಇಟ್ಟುಕೊಂಡಿರಬೇಡಿ. ಆಟೋಮ್ಯಾಟಿಕ್ ಗಾಡಿಯಲ್ಲಿ ಎಲ್ ಅಥವಾ ಮ್ಯಾನುವಲ್ ಮೋಡ್. ಎಣ್ಣೆ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವ ಚಟ ಇದ್ದವರ ಕೈಗೆ ಸ್ಟಿಯರಿಂಗ್ ಕೊಡಬೇಡಿ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ಅರ್ಧ ತಾಸು ನಿಲ್ಲಿಸಿ, ಚಕ್ರಕ್ಕೆ ನೀರು ಸುರಿಯಬೇಡಿ. ಕಾದ ಡಿಸ್ಕ್ ಸೊಟ್ಟಗಾಗುತ್ತದೆ.

ಸಿಎನ್‌ಜಿ ಗಾಡಿಯಾದರೆ ಕಾಡಿನ ದಾರಿಗೆ ಪೆಟ್ರೋಲ್ ಟ್ಯಾಂಕನ್ನೇ ನಂಬಿ. ಏರಿನಲ್ಲಿ ಗ್ಯಾಸಿಗೆ ಎಳೆತವೂ ಕಡಿಮೆ. ಯಾವ ಗಾಡಿಯಾದರೂ ದಾಂಡೇಲಿಯಲ್ಲಿ ಟ್ಯಾಂಕ್ ತುಂಬಿಸಿ ಜೋಯಿಡಾ ಕಡೆ ತಿರುಗಿಸಿ. ಏಳು ಮಂದಿಗೆ ಎರ್ಟಿಗಾ ಸಾಕು ಎನ್ನುವವರು ಒಂದು ನೆನಪಿಡಿ: ಮೂರನೇ ಸಾಲು ಎತ್ತಿದರೆ ಡಿಕ್ಕಿಯಲ್ಲಿ ಉಳಿಯುವುದು 209 ಲೀಟರ್ ಜಾಗ, ಅಂದರೆ ಎರಡು ಮಧ್ಯಮ ಚೀಲ. ಬಾಡಿಗೆಗೆ ಬಿಳಿ ಬೋರ್ಡಿನ ಖಾಸಗಿ ಗಾಡಿ ಹಿಡಿದರೆ ದುಡ್ಡು ಉಳಿದೀತು, ಅಪಘಾತವಾದರೆ ವಿಮೆ ಕೈಕೊಡುತ್ತದೆ.

ಎಣ್ಣೆಯ ಲೆಕ್ಕ: ಒಳಗಿನ ಓಡಾಟ ಸೇರಿ 550 ಕಿ.ಮೀ. ಹಿಡಿಯಿರಿ. ಗಾಡಿಯ ಮಾಮೂಲಿ ಮೈಲೇಜಿನಿಂದ ಐದರಲ್ಲೊಂದು ಪಾಲು ಕಳೆಯಿರಿ. 17 ಕೊಡುವ ಗಾಡಿ ಇಲ್ಲಿ 14ರ ಹತ್ತಿರ ಕೊಟ್ಟರೆ ಸುಮಾರು 40 ಲೀಟರ್. ಲೀಟರಿಗೆ 103 ರೂಪಾಯಿ ಎಂದುಕೊಂಡರೆ 4,120. ಕರಾವಳಿ ಹೆದ್ದಾರಿಯಲ್ಲಿ ಅಂಕೋಲಾ ಬಳಿ ಹಟ್ಟಿಕೇರಿಯಲ್ಲಿ ಟೋಲ್ ಇದೆ; ಹೊನ್ನಾವರದವರೆಗೆ ಹೋದರೆ ಹೊಳೆಗದ್ದೆಯದೂ ಸೇರುತ್ತದೆ. ಫಾಸ್ಟ್ಯಾಗ್‌ಗೆ ಮನೆಯಲ್ಲೇ ದುಡ್ಡು ಹಾಕಿ.

ದಿನದಿನದ ಹೊಂದಿಕೆ

ಮೊದಲ ದಿನ ಆರೂವರೆಗೆ ಹೊರಟು, ಹಳಿಯಾಳದಲ್ಲಿ ನಾಷ್ಟಾ ಮಾಡಿ, ಹತ್ತರೊಳಗೆ ದಾಂಡೇಲಿ. ಮಧ್ಯಾಹ್ನ ವಿಶ್ರಾಂತಿ, ಸಂಜೆ ಸಫಾರಿ. ಎರಡನೇ ದಿನ ನಸುಕಿನಲ್ಲಿ ಹಕ್ಕಿ, ಆಮೇಲೆ ಗಣೇಶಗುಡಿಯ ನೀರಾಟ. ಇನ್ನೊಂದು ತಾಣ ತುರುಕಬೇಡಿ.

ಮೂರನೇ ದಿನವೇ ಇಡೀ ಪ್ರವಾಸದ ಕೀಲು. ಎಂಟಕ್ಕೆ ಹೊರಟರೆ ಮಧ್ಯಾಹ್ನ ಹನ್ನೆರಡೂವರೆ, ಒಂದಕ್ಕೆ ಕಾರವಾರ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಮರಗಳ ನೆರಳಿನ ಘಟ್ಟದಲ್ಲಿ ಅರ್ಧ ತಾಸು ಮೊದಲೇ ಕತ್ತಲು. ಆದ್ದರಿಂದ ಏನೇ ತಡವಾದರೂ ಮಧ್ಯಾಹ್ನ ಮೂರರ ಮೇಲೆ ಅಣಶಿ ಘಟ್ಟಕ್ಕೆ ಇಳಿಯಬೇಡಿ. ದಾಂಡೇಲಿಯಲ್ಲೇ ಇನ್ನೊಂದು ರಾತ್ರಿ ಉಳಿಯಿರಿ. ಜೋಯಿಡಾ ದಾಟಿದ ಮೇಲೆ ಫೋನಿನ ಸಿಗ್ನಲ್ ಬಹಳ ಕಡೆ ಸಿಗುವುದಿಲ್ಲ. ನಕಾಶೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ, ಬುಕಿಂಗ್ ಚೀಟಿ, ಲೈಸೆನ್ಸ್, ಆರ್‌ಸಿ, ವಿಮೆಯ ಪ್ರತಿ ಕಾಗದದಲ್ಲೇ ಇರಲಿ. ಊಟದ ಹೋಟೆಲ್ಲು ಕೂಡ ಅಪರೂಪ. ಇಲ್ಲಿ ನಮ್ಮ ಕಡೆಯ ಬುತ್ತಿ ಗೆಲ್ಲುತ್ತದೆ: ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ ಐದು ದಿನ ಕೆಡುವುದಿಲ್ಲ. ಮೊಸರು ಮಾತ್ರ ಅಲ್ಲಲ್ಲೇ ಕೊಳ್ಳಿ. ಕಾಡಿನೊಳಗೆ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಬೇಡಿ, ಮಂಗಗಳು ಬಿಡುವುದಿಲ್ಲ. ಊರು ಬಂದಾಗ ತಿನ್ನಿ.

ಘಟ್ಟದ ದಿನದ ನಾಷ್ಟಾಕ್ಕೆ ಮಿರ್ಚಿ, ಪೂರಿ ಬೇಡ. ಇಡ್ಲಿ ಅಥವಾ ಒಗ್ಗರಣೆ ಅವಲಕ್ಕಿ ಅರ್ಧ ಹೊಟ್ಟೆ ಸಾಕು. ವಾಂತಿಯಾಗುವ ಮಗುವನ್ನು ನಡುವಿನ ಸೀಟಿನಲ್ಲಿ, ಮುಂದಿನ ರಸ್ತೆ ಕಾಣುವಂತೆ ಕೂಡಿಸಿ, ಮೊಬೈಲು ಕಸಿದುಕೊಳ್ಳಿ. ಮಾತ್ರೆಯನ್ನು ವೈದ್ಯರನ್ನು ಕೇಳಿ ತೂಕಕ್ಕೆ ತಕ್ಕಂತೆ, ಹೊರಡುವ ಅರ್ಧದಿಂದ ಒಂದು ತಾಸು ಮೊದಲು ಕೊಡಿ. ಓಕರಿಕೆ ಶುರುವಾದ ಮೇಲೆ ಕೊಟ್ಟ ಮಾತ್ರೆ ಹೊಟ್ಟೆಯಲ್ಲಿ ಉಳಿಯುವುದಿಲ್ಲ.

ಕಾರವಾರದಲ್ಲಿ ಮೀನಿನೂಟ, ಕಡಲತೀರದ ಐಎನ್‌ಎಸ್ ಚಪಲ್ ಯುದ್ಧನೌಕೆ ನೋಡಿ, ಸಂಜೆ ನಾಲ್ಕೂವರೆಗೆ ಗೋಕರ್ಣದ ಕಡೆ. ಅಲ್ಲಿ ಎರಡು ರಾತ್ರಿ. ಮಹಾಬಲೇಶ್ವರ ದೇವಸ್ಥಾನದ ಬಾಗಿಲು ಮಧ್ಯಾಹ್ನ ಹಾಕುವುದರಿಂದ ದರ್ಶನ ಬೆಳಿಗ್ಗೆಯೇ ಮುಗಿಸಿ. ಗಂಡಸರಿಗೆ ಪಂಚೆ ಇರಲಿ. ವಯಸ್ಸಾದವರಿದ್ದರೆ ರೂಮಿನಿಂದ ಕಡಲಿಗೆ ಮೆಟ್ಟಿಲು ಎಷ್ಟು ಎಂದು ಮೊದಲೇ ಕೇಳಿ: ಕುಡ್ಲೆ, ಓಂ ಕಡಲತೀರಗಳೆರಡೂ ಗುಡ್ಡದ ಬುಡದಲ್ಲಿವೆ, ಹಾಫ್ ಮೂನ್, ಪ್ಯಾರಡೈಸ್‌ಗೆ ಕಾರೇ ಹೋಗದು. ಮಧ್ಯಾಹ್ನದ ಬಿಸಿಲಿಗೆ ಮಿರ್ಜಾನ್ ಕೋಟೆ ಬೇಡ, ಸಂಜೆಗೆ ಚೆಂದ.

ನೀರಿಗಿಳಿಯುವಾಗ

ಬಯಲುಸೀಮೆಯ ನಾವು ಕಡಲನ್ನು ಕೆರೆಯಂತೆ ಕಾಣುತ್ತೇವೆ; ಅವಘಡಗಳ ಮೂಲ ಅದೇ. ಮುರ್ಡೇಶ್ವರದಲ್ಲಿ 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ಸತ್ತರು; ಅದು ಮಳೆಗಾಲವಲ್ಲ. ಅಲೆ ಒಡೆಯದೆ ಶಾಂತವಾಗಿ, ಕೊಂಚ ಕಪ್ಪಾಗಿ ಕಾಣುವ ಪಟ್ಟಿಯೇ ಸಾಮಾನ್ಯವಾಗಿ ಅಪಾಯದ್ದು. ದಂಡೆಗೆ ಬಂದ ನೀರು ಅಲ್ಲಿಂದಲೇ ಒಳಕ್ಕೆ ಸೆಳೆಯುತ್ತದೆ. ಸಿಕ್ಕಿಕೊಂಡರೆ ದಂಡೆಯತ್ತ ಈಜಿ ದಣಿಯಬಾರದು, ದಂಡೆಗೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ತಿರುಗಬೇಕು. ಲೈಫ್‌ಗಾರ್ಡ್ ಇರುವಲ್ಲಿ ಮಾತ್ರ ಇಳಿಯಿರಿ, ನೀರು ದೊಡ್ಡವರ ಮೊಣಕಾಲು ದಾಟದಿರಲಿ, ಒಂದು ಮಗುವಿಗೆ ಒಬ್ಬ ದೊಡ್ಡವರು. ಫೋಟೋ ತೆಗೆಯುವವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಇನ್ನೊಂದು ದಿನ ಸಿಕ್ಕರೆ ಹೊನ್ನಾವರದ ಕಾಸರಕೋಡು ಇಕೋ ಬೀಚಿಗೆ ಹೋಗಿ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಅಲ್ಲಿ ಬಟ್ಟೆ ಬದಲಿಸುವ ಕೋಣೆ, ಶೌಚಾಲಯಗಳಿವೆ.

ಮರಳುವ ದಿನ ಒಂಬತ್ತಕ್ಕೆ ಹೊರಡಿ. ಅರಬೈಲ್‌ನಲ್ಲಿ ಒಂದು ಲಾರಿ ತಿರುವಿನಲ್ಲಿ ಕೆಟ್ಟು ನಿಂತರೆ ತಾಸುಗಟ್ಟಲೆ ಸಾಲು. ಐದು ಲೀಟರ್ ಕುಡಿಯುವ ನೀರು ಗಾಡಿಯಲ್ಲಿರಲಿ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033, ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112.

ಮನೆಗೆ ಬಂದ ಮರುದಿನವೇ ಗಾಡಿಯ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಸಿ. ಉಪ್ಪುಗಾಳಿ, ಮರಳು ಉಳಿದರೆ ಸೈಲೆನ್ಸರ್ ಮೊದಲು ತುಕ್ಕು ಹಿಡಿಯುತ್ತದೆ. ಕಾಡಿನಲ್ಲಿ ತೊಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಕಚ್ಚಿಕೊಂಡಿದೆಯೇ ನೋಡಿ. ಉತ್ತರ ಕನ್ನಡದಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಡಿಸೆಂಬರಿನಿಂದ ಮೇ ನಡುವೆ ಕಾಣಿಸಿಕೊಳ್ಳುವುದುಂಟು. ಒಂದು ವಾರ, ಹತ್ತು ದಿನದೊಳಗೆ ಯಾರಿಗಾದರೂ ಜೋರು ಜ್ವರ, ಮೈಕೈ ನೋವು ಬಂದರೆ, ಕಾಡಿಗೆ ಹೋಗಿದ್ದೆವು ಎಂಬುದನ್ನು ವೈದ್ಯರಿಗೆ ಅವರು ಕೇಳುವ ಮೊದಲೇ ಹೇಳಿ.