ಕಿಲ್‌ಪೆಕ್ ಚರ್ಚನ್ನು ನೋಡುವ ಕ್ರಮ

ಇಂಗ್ಲೆಂಡಿನ ಹೆರಿಫರ್ಡ್‌ಶೈರ್‌ನ ಕಿಲ್‌ಪೆಕ್ ಎಂಬ ಪುಟ್ಟ ಹಳ್ಳಿಯಲ್ಲಿ, ಸುಮಾರು 1140ರಲ್ಲಿ ಕೆಂಪು ಮರಳುಗಲ್ಲಿನಿಂದ ಕಟ್ಟಿದ ಚರ್ಚಿಗೆ ಹೋದವರು, ನೇರವಾಗಿ ಒಳನಡೆಯದೆ ಮೊದಲು ಹೊರಗೋಡೆಯ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಬೇಕು. ಸೂರಿನಡಿ ಸಾಲಾಗಿ ಚಾಚಿಕೊಂಡಿರುವ 80ಕ್ಕೂ ಹೆಚ್ಚು ಕೆತ್ತನೆಗಲ್ಲುಗಳಲ್ಲಿ ಅಕ್ಕಪಕ್ಕ ಕುಳಿತ ನಾಯಿ-ಮೊಲಗಳನ್ನೂ, ಶೀಲಾ-ನಾ-ಗಿಗ್ ಎಂಬ ನಗ್ನ ಸ್ತ್ರೀರೂಪವನ್ನೂ (ದೇವಾಲಯದ ಗೋಡೆಗೆ ಇದೇಕೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ) ಹುಡುಕಲು ದುರ್ಬೀನು ಜೊತೆಗಿರಲಿ. ದಕ್ಷಿಣದ ಬಾಗಿಲ ಮೇಲಿನ ಜೀವವೃಕ್ಷಕ್ಕೂ ಕಂಬಗಳ ಬಳ್ಳಿಯೊಳಗೆ ಸಿಲುಕಿದ ಯೋಧರಿಗೂ ಹೆಚ್ಚು ಸಮಯ ಮೀಸಲಿಡುವುದು ಯೋಗ್ಯ. ಒಳಗೆ ಪೂಜಾವೇದಿಯ ಮುಂದಿನ ಕಮಾನನ್ನು ಗಮನಿಸಿದರೆ ಸಾಕು. ಪ್ರಾರ್ಥನೆ ನಡೆಯುತ್ತಿದ್ದರೆ ಹೊರಗೆ ಕಾಯಬೇಕು. ಸ್ಮಶಾನದಲ್ಲಿ ಸಮಾಧಿಗಳನ್ನು ತುಳಿಯಬಾರದು, ಅಕ್ಷರ ಓದುವ ಆಸೆಯಿಂದ ಹಳೆಯ ಕಲ್ಲುಗಳ ಮೇಲಿನ ಕಲ್ಲುಹೂವನ್ನು ಕೆರೆಯಲೂಬಾರದು. ಹೊರಡುವ ಮುನ್ನ ಪಶ್ಚಿಮಕ್ಕಿರುವ ದಿಬ್ಬವನ್ನೇರಿದರೆ ಪಾಳುಬಿದ್ದ ಕೋಟೆಯ ಗೋಡೆಗಳು ಕಾಣುತ್ತವೆ.