ಬಾಯಲ್ಲೇ ಗೇರ್ ಇಳಿಸಿ: ಫ್ಲೈಟ್ ಸಿಮ್‌ಗೆ ವೈರ್‌ಲೆಸ್ ಹೆಡ್‌ಸೆಟ್, ವಾಯ್ಸ್ ಕಮಾಂಡ್ ಹೊಂದಿಸೋದು ಹೇಗೆ

ಫ್ಲೈಟ್ ಸಿಮ್ಯುಲೇಟರ್ ಆಡೋರು ಒಂದಲ್ಲ ಒಂದು ದಿನ ವಾಯ್ಸ್ ಕಮಾಂಡ್ ಹತ್ರ ಬಂದೇ ಬರ್ತಾರೆ. ಮಂಗಳೂರಿನ ಬಜ್ಪೆ ಟೇಬಲ್‌ಟಾಪ್ ರನ್‌ವೇ, ಮಳೆ ಹಾಕ್ಕೊಂಡು ಇಳೀತಿದ್ದೀರಿ, ಒಂದು ಕೈ ಸ್ಟಿಕ್ ಮೇಲೆ ಇನ್ನೊಂದು ಥ್ರಾಟಲ್ ಮೇಲೆ, ಅಂಥ ಹೊತ್ತಲ್ಲಿ ಫ್ಲ್ಯಾಪ್ಸ್ (ರೆಕ್ಕೆ ಹಿಂಭಾಗದಲ್ಲಿ ಇಳಿಯೋ ಪಟ್ಟಿ) ಕೀ ಎಲ್ಲಿದೆ ಅಂತ ಕೀಬೋರ್ಡ್ ನೋಡೋಕೆ ತಲೆ ಬಗ್ಗಿಸಿದ್ರೆ ತಲೆ ಎತ್ತೋ ಅಷ್ಟರಲ್ಲಿ ರನ್‌ವೇ ಪಕ್ಕಕ್ಕೆ ಸರಿದಿರತ್ತೆ. ವಿಆರ್ ಕನ್ನಡಕ ಹಾಕ್ಕೊಂಡಿದ್ರಂತೂ ಕೀಬೋರ್ಡೇ ಕಾಣಲ್ಲ. ನಿಜವಾದ ಕಾಕ್‌ಪಿಟ್‌ನಲ್ಲಿ "ಗೇರ್ ಡೌನ್" ಅಂದ್ರೆ ಪಕ್ಕದ ಸೀಟಿನವರು ಚಕ್ರದ ಲಿವರ್ ಇಳಿಸ್ತಾರೆ, ಮನೇಲಿ ಆ ಕೆಲಸನ ಸಾಫ್ಟ್‌ವೇರ್ ಮಾಡ್ಬೇಕು.

ಸುಮಾರು ಜನ ಈ ವಾಯ್ಸ್ ಕಮಾಂಡ್ ಸಾಫ್ಟ್‌ವೇರ್ ಹಾಕ್ಕೊಂಡು ಎರಡು ದಿನ ಕೂಗಾಡಿ "ನಮ್ಮ ಇಂಗ್ಲಿಷು ಇದಕ್ಕೆ ಅರ್ಥ ಆಗಲ್ಲ" ಅಂತ ಬಿಟ್ಟುಬಿಡೋದನ್ನ ನೋಡಿದೀನಿ. ಅವರ ಸೆಟಪ್ ಬಿಚ್ಚಿ ನೋಡಿದ್ರೆ ಬಹುತೇಕ ಒಂದೇ ಕಥೆ, ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್. ಅದಕ್ಕೇ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡೋಕೆ ಮೊದಲು ಧ್ವನಿ ಬರೋ ದಾರಿ ಸರಿ ಮಾಡ್ಕೊಳ್ಳಿ.

ಮೊದಲು ಹೆಡ್‌ಸೆಟ್

ಅಂಗಡೀಲಿ "ವೈರ್‌ಲೆಸ್" ಅಂತ ಮಾರೋದ್ರಲ್ಲಿ ಎರಡು ಜಾತಿ. ಒಂದು ಬ್ಲೂಟೂತ್, ಇನ್ನೊಂದು ಯುಎಸ್‌ಬಿ ಡಾಂಗಲ್ (ಪಿಸಿಗೆ ಸಿಕ್ಕಿಸೋ ಪುಟ್ಟ ರಿಸೀವರ್) ಜೊತೆ ಬರೋ 2.4 ಗಿಗಾಹರ್ಟ್ಸ್ ಹೆಡ್‌ಸೆಟ್. ಹೊಸದಾಗಿ ತಗೊಳ್ಳೋರು ಕಣ್ಣು ಮುಚ್ಚಿ ಡಾಂಗಲ್ ಇರೋದನ್ನೇ ತಗೊಳ್ಳಿ, ಮೈಕ್ ಬಾಯಿ ಹತ್ರ ಬರೋ ಹಾಗೆ ಕಡ್ಡಿ ಇರೋದು ಇನ್ನೂ ಒಳ್ಳೇದು. ಬಾಕ್ಸ್ ಮೇಲೆ "ಗೇಮಿಂಗ್" ಅಂತ ದೊಡ್ಡದಾಗಿ ಬರೆದು ಒಳಗೆ ಬರೀ ಬ್ಲೂಟೂತ್ ಕೊಡೋ ಅಗ್ಗದ ಸೆಟ್‌ಗಳು ಬೇಕಾದಷ್ಟಿವೆ, ಡಾಂಗಲ್ ಇದೆಯಾ ಅಂತ ಕೇಳಿ ದುಡ್ಡು ಕೊಡಿ. ಕಿವಿಯೊಳಗೆ ಸಿಕ್ಕಿಸೋ ಇಯರ್‌ಬಡ್ಸ್ ಹಾಡು ಕೇಳೋಕೆ ಇರ್ಲಿ, ಮೈಕ್ ಬಾಯಿಂದ ದೂರ ಇರೋದ್ರಿಂದ ಫ್ಯಾನ್ ಸದ್ದೆಲ್ಲ ಒಳಗೆ ಬರತ್ತೆ.

ಬ್ಲೂಟೂತ್ ಯಾಕೆ ಕೈ ಕೊಡತ್ತೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಎಡವೋದು ಇಲ್ಲೇ. ಸಾಮಾನ್ಯ ಬ್ಲೂಟೂತ್ ಹೆಡ್‌ಸೆಟ್ ಎರಡು ಬೇರೆ ಬೇರೆ ಪ್ರೊಫೈಲ್‌ನಲ್ಲಿ, ಅಂದ್ರೆ ಮೋಡ್‌ನಲ್ಲಿ, ಕೆಲಸ ಮಾಡತ್ತೆ. ಹಾಡು ಕೇಳುವಾಗ ಎ2ಡಿಪಿ, ಅದರಲ್ಲಿ ಒಳ್ಳೆ ಸ್ಟೀರಿಯೊ ಇದೆ ಆದ್ರೆ ಮೈಕ್ ಇಲ್ಲ. ಯಾವುದೋ ಪ್ರೋಗ್ರಾಂ ಮೈಕ್ ಬೇಕು ಅಂದ ಕೂಡ್ಲೇ ಹೆಡ್‌ಸೆಟ್ ಹ್ಯಾಂಡ್ಸ್‌ಫ್ರೀ ಪ್ರೊಫೈಲ್‌ಗೆ ಜಿಗಿಯತ್ತೆ, ಅದು ಫೋನ್ ಕಾಲ್‌ಗೆ ಅಂತ ಮಾಡಿದ್ದು. ಹಳೇ ಕೋಡೆಕ್ (ಧ್ವನಿ ಕುಗ್ಗಿಸಿ ಕಳಿಸೋ ವಿಧಾನ) ಆದ್ರೆ ಸೆಕೆಂಡಿಗೆ 8,000 ಸ್ಯಾಂಪಲ್, ಎಂಎಸ್‌ಬಿಸಿ ಅನ್ನೋ ಹೊಸ ಕೋಡೆಕ್ ಇದ್ರೆ 16,000. 8,000 ಅಂದ್ರೆ ಅದರ ಅರ್ಧ, 4 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದೆಲ್ಲ ಕತ್ತರಿಸಿ ಹೋಯ್ತು, ನಮ್ಮ ಬಾಯಿಂದ ಬರೋ ಸ, ಫ ಥರದ ಅಕ್ಷರಗಳನ್ನ ಗುರುತು ಹಿಡಿಯೋ ಸದ್ದು ಹೆಚ್ಚಾಗಿ ಇರೋದೇ ಆ ಮೇಲ್ಭಾಗದಲ್ಲಿ. "ಫ್ಲ್ಯಾಪ್ಸ್" ಅನ್ನೋದ್ರಲ್ಲಿ ಶುರುವಲ್ಲಿ ಫ ಕೊನೇಲಿ ಸ, ಎರಡೂ ಹೋದ್ರೆ ಪಾಪ ಸಾಫ್ಟ್‌ವೇರ್‌ಗೆ ಉಳಿಯೋದು "ಲ್ಯಾಪ್" ಅಷ್ಟೇ.

ಇನ್ನೊಂದು ಪೆಟ್ಟು ಇದೆ. ವಾಯ್ಸ್ ಕಮಾಂಡ್ ಸಾಫ್ಟ್‌ವೇರ್ ಮೈಕ್‌ನ ಸದಾ ತೆರೆದಿಟ್ಟಿರತ್ತೆ, ಹಾಗಾಗಿ ಆಟ ಪೂರ್ತಿ ಹೆಡ್‌ಸೆಟ್ ಫೋನ್ ಮೋಡ್‌ನಲ್ಲೇ ಉಳಿದು ಎಂಜಿನ್ ಸದ್ದು ಕೂಡ ಹಳೇ ರೇಡಿಯೊ ಥರ ಕೇಳತ್ತೆ. ಎಂಜಿನ್ ಸದ್ದು ಇದ್ದಕ್ಕಿದ್ದ ಹಾಗೆ ಸೊರಗಿತು ಅಂದ್ರೆ ಅದೇ ಗುರುತು, ಬೇರೆ ಪರೀಕ್ಷೆ ಬೇಡ. ಪಿಸಿ, ಹೆಡ್‌ಸೆಟ್ ಎರಡೂ ಎಲ್‌ಇ ಆಡಿಯೊ ಅನ್ನೋ ಹೊಸ ಬ್ಲೂಟೂತ್ ವಿಧಾನ ಸಪೋರ್ಟ್ ಮಾಡಿದ್ರೆ ಈ ಕಷ್ಟ ಕಮ್ಮಿ, ಆದ್ರೆ ಎರಡೂ ಕಡೆ ಇರ್ಬೇಕು, ಒಂದು ಕಡೆ ಇದ್ರೆ ಉಪಯೋಗ ಇಲ್ಲ.

ಈಗಾಗಲೇ ಬ್ಲೂಟೂತ್ ಸೆಟ್ ಇದ್ಯಾ, ಬಿಸಾಕೋದು ಬೇಡ. ಕೇಳೋಕೆ ಮಾತ್ರ ಅದನ್ನ ಇಟ್ಕೊಳ್ಳಿ, ಮಾತಾಡೋಕೆ ಒಂದು ವೈರ್ ಇರೋ ಕಾಲರ್ ಮೈಕ್ ಅಥವಾ ಟೇಬಲ್ ಮೇಲಿಡೋ ಯುಎಸ್‌ಬಿ ಮೈಕ್ ಹಾಕಿ. ವಿಂಡೋಸ್ 10ರಲ್ಲಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋದ್ರೆ ಒಂದೇ ಹೆಡ್‌ಸೆಟ್ ಎರಡು ಹೆಸರಲ್ಲಿ ಕಾಣತ್ತೆ, ಒಂದು ಸ್ಟೀರಿಯೊ, ಇನ್ನೊಂದು ಹ್ಯಾಂಡ್ಸ್-ಫ್ರೀ. ಸ್ಟೀರಿಯೊ ಇರೋದನ್ನ ಆರಿಸಿ. ಆಮೇಲೆ ಡಿವೈಸಸ್ ಆ್ಯಂಡ್ ಪ್ರಿಂಟರ್ಸ್‌ನಲ್ಲಿ ಹೆಡ್‌ಸೆಟ್‌ನ ಪ್ರಾಪರ್ಟೀಸ್ ತೆಗೆದು ಸರ್ವೀಸಸ್ ಟ್ಯಾಬ್‌ನಲ್ಲಿ ಹ್ಯಾಂಡ್ಸ್‌ಫ್ರೀ ಟೆಲಿಫೋನಿ ಟಿಕ್ ತೆಗೆದ್ರೆ ಯಾವ ಪ್ರೋಗ್ರಾಮೂ ಅದನ್ನ ಫೋನ್ ಮೋಡ್‌ಗೆ ಎಳೆಯೋಕಾಗಲ್ಲ. ವಿಂಡೋಸ್ 11ರಲ್ಲಿ ಎರಡೂ ಒಂದೇ ಹೆಸರಿನ ಕೆಳಗೆ ಸೇರಿರೋದ್ರಿಂದ ಯಾವಾಗ ಬದಲಾಯ್ತು ಅಂತ ಗೊತ್ತೇ ಆಗಲ್ಲ, ಅಲ್ಲಿ ಸಿಮ್, ಡಿಸ್ಕಾರ್ಡ್ (ಆಡುವಾಗ ಗೆಳೆಯರ ಜೊತೆ ಮಾತಾಡೋ ಆ್ಯಪ್), ವಾಯ್ಸ್ ಸಾಫ್ಟ್‌ವೇರ್ ಪ್ರತಿಯೊಂದರಲ್ಲೂ ಇನ್‌ಪುಟ್ ಮೈಕ್ ಬೇರೆ ಆರಿಸಿದೀರಾ ನೋಡಿ. ಒಂದು ಕಡೆ ಬಿಟ್ಟುಹೋದ್ರೂ ಮತ್ತೆ ಅದೇ ಗೋಳು.

ಡಾಂಗಲ್ ಸೆಟ್‌ನವರಿಗೂ ಒಂದು ಮಾತು. ಡಾಂಗಲ್‌ನ ಕ್ಯಾಬಿನೆಟ್ ಹಿಂದೆ ಯುಎಸ್‌ಬಿ 3 ಪೋರ್ಟ್‌ಗಳ ಮಧ್ಯೆ ಸಿಕ್ಕಿಸ್ಬೇಡಿ. ಯುಎಸ್‌ಬಿ 3 ಓಡುವಾಗ 2.4 ಗಿಗಾಹರ್ಟ್ಸ್‌ನಲ್ಲೇ ಗದ್ದಲ ಎಬ್ಬಿಸತ್ತೆ ಅಂತ ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ಒಂದು ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್ ತಗೊಂಡು ಡಾಂಗಲ್‌ನ ಟೇಬಲ್ ಮೇಲೆ ತಂದಿಡಿ, ಮಾತು ಮಧ್ಯೆ ಮಧ್ಯೆ ತುಂಡಾಗೋದು ಬಹಳಷ್ಟು ನಿಲ್ಲತ್ತೆ.

ನಿಮ್ಮ ಧ್ವನಿ ನೀವೇ ಕೇಳಿ

ಇದನ್ನ ಯಾರೂ ಮಾಡಲ್ಲ, ದಯವಿಟ್ಟು ಮಾಡಿ. ಸಿಮ್ ಓಡಿಸಿ, ಫ್ಯಾನ್ ಹಾಕಿ, ಅಂದ್ರೆ ನೀವು ಹಾರಿಸೋ ಹೊತ್ತಲ್ಲಿ ರೂಮ್ ಹೇಗಿರತ್ತೋ ಹಾಗೇ ಇಟ್ಟು, ವಿಂಡೋಸ್‌ನ ರೆಕಾರ್ಡರ್ ಆ್ಯಪ್‌ನಲ್ಲಿ "ಗೇರ್ ಡೌನ್, ಫ್ಲ್ಯಾಪ್ಸ್ ಟೂ, ಲ್ಯಾಂಡಿಂಗ್ ಲೈಟ್ಸ್ ಆನ್" ಅಂತ ರೆಕಾರ್ಡ್ ಮಾಡಿ ಕೇಳಿ. ಮೊದಲ ಅಕ್ಷರ ನುಂಗಿ ಹೋಗಿದ್ರೆ ಹೆಡ್‌ಸೆಟ್ ಆ್ಯಪ್‌ನಲ್ಲಿರೋ ನಾಯ್ಸ್ ಗೇಟ್ ತೆಗೀರಿ, ಅದು ಸದ್ದು ಬಂದ ಮೇಲೆ ಬಾಗಿಲು ತೆರೆಯೋದು, ಅಷ್ಟರಲ್ಲಿ "ಗೇ" ಹೊರಗೇ ಉಳಿದಿರತ್ತೆ. ಬುಸ್ ಬುಸ್ ಉಸಿರು ಕೇಳಿದ್ರೆ ಮೈಕ್‌ನ ತುಟಿ ಎದುರಿಂದ ಬಾಯಿಯ ಮೂಲೆಗೆ ಸರಿಸಿ. ಜೊತೆಗೇ ಸೌಂಡ್ ಕಂಟ್ರೋಲ್ ಪ್ಯಾನೆಲ್‌ನ ಕಮ್ಯುನಿಕೇಷನ್ಸ್ ಟ್ಯಾಬ್‌ನಲ್ಲಿ "ಡು ನಥಿಂಗ್" ಹಾಕಿ, ಇಲ್ಲಾಂದ್ರೆ ಮೈಕ್ ತೆರೆದಾಗ ವಿಂಡೋಸ್ ಬೇರೆ ಸದ್ದನ್ನೆಲ್ಲ 80% ಇಳಿಸಿಬಿಡಬಹುದು.

ಸಾಫ್ಟ್‌ವೇರ್

ವಾಯ್ಸ್‌ಅಟ್ಯಾಕ್ ಹಾಕಿ, ನೀವು ಹೇಳಿದ ಮಾತಿಗೆ ಕೀ ಒತ್ತೋ ಪ್ರೋಗ್ರಾಂ ಅದು. ಟ್ರಯಲ್‌ನಲ್ಲಿ ಒಂದು ಪ್ರೊಫೈಲ್ (ಇಲ್ಲಿ ಕಮಾಂಡ್‌ಗಳ ಪಟ್ಟಿ), 20 ಕಮಾಂಡ್ ಸಿಗತ್ತೆ, ಸೆಸ್ನಾ ಥರದ ಚಿಕ್ಕ ವಿಮಾನ ಹಾರಿಸೋಕೆ ಅಷ್ಟು ಸಾಕು. ಇದು ವಿಂಡೋಸ್‌ನದೇ ಸ್ಪೀಚ್ ಎಂಜಿನ್ ಬಳಸತ್ತೆ. ಪ್ರತಿ ಕಮಾಂಡ್‌ಗೆ ಒಂದು ಮಾತು, ಒಂದು ಕೀ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಎಕ್ಸ್-ಪ್ಲೇನ್, ಡಿಸಿಎಸ್ ಮೂರು ಸಿಮ್‌ನಲ್ಲೂ ಗೇರ್‌ಗೆ ಜಿ ಕೀ. ಕೀ ಒತ್ತಿದ ಹಾಗೆ ವಾಯ್ಸ್‌ಅಟ್ಯಾಕ್‌ನ ಲಾಗ್‌ನಲ್ಲಿ (ಏನು ಕೇಳ್ತು, ಏನು ಮಾಡ್ತು ಅನ್ನೋ ಪಟ್ಟಿ) ಬಂದ್ರೂ ವಿಮಾನ ಸುಮ್ನಿದ್ರೆ ಕೀ ಹಿಡಿಯೋ ಸಮಯನ ಸ್ವಲ್ಪ ಏರಿಸಿ, ಆಗ್ಲೂ ಆಗ್ಲಿಲ್ಲ ಅಂದ್ರೆ ವಾಯ್ಸ್‌ಅಟ್ಯಾಕ್‌ನ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ.

ಬಟನ್ ಒತ್ತಿ ಮಾತಾಡಿ

ಸದಾ ಕೇಳ್ತಾ ಇರೋ ಮೋಡ್ ನಮ್ಮ ಮನೆಗಳಿಗೆ ಆಗಲ್ಲ. ಕುಕ್ಕರ್ ಸೀಟಿ, ಟಿವಿ, "ಊಟಕ್ಕೆ ಬಾ" ಅನ್ನೋ ಕೂಗು, ಏನನ್ನ ಬೇಕಾದ್ರೂ ಕಮಾಂಡ್ ಅಂದ್ಕೊಳ್ಳತ್ತೆ. ಜಾಯ್‌ಸ್ಟಿಕ್‌ನ ಒಂದು ಬಟನ್ ಒತ್ತಿ ಹಿಡಿದಾಗ ಮಾತ್ರ ಕೇಳೋ ಹಾಗೆ ಇಡಿ. ಬಟನ್ ಒತ್ತಿ ಅರೆಕ್ಷಣ ಬಿಟ್ಟು ಮಾತಾಡಿ, ಮಾತು ಮುಗಿದ ಮೇಲೂ ಅರೆಕ್ಷಣ ಹಿಡಿದಿರಿ, ವೈರ್‌ಲೆಸ್‌ನಲ್ಲಿ ಧ್ವನಿ ಸ್ವಲ್ಪ ತಡವಾಗಿ ಬರೋದ್ರಿಂದ ಬೇಗ ಬಿಟ್ರೆ ಕೊನೇ ಪದ ಕತ್ತರಿಸಿ ಹೋಗತ್ತೆ. ವ್ಯಾಟ್‌ಸಿಮ್ ಅನ್ನೋ ಆನ್‌ಲೈನ್ ಹಾರಾಟ ಜಾಲದಲ್ಲಿ ಹಾರಿಸೋರು ಎಟಿಸಿ (ವಿಮಾನ ಸಂಚಾರ ನಿಯಂತ್ರಕರು) ಜೊತೆ ಮಾತಾಡೋ ಬಟನ್, ಕಮಾಂಡ್ ಬಟನ್ ಎರಡೂ ಬೇರೆ ಬೇರೆ ಇಡಲೇಬೇಕು. ಅಲ್ಲಿ ಆ ಕಡೆ ಇರೋದು ನಿಜವಾದ ಮನುಷ್ಯರು, ಕಂಟ್ರೋಲರ್ ಕಿವಿಗೆ "ಗೇರ್ ಅಪ್" ಅಂತ ಕೂಗೋದು ಅವರ ಕೆಲಸಕ್ಕೆ ಅಡ್ಡಿ.

ಪದ ಆರಿಸೋದು

ಇದಕ್ಕೂ ಸಮಯ ಕೊಡಿ. ಒಂದೇ ಪದದ ಕಮಾಂಡ್ ಇಡಬೇಡಿ; "ಗೇರ್" ಅಂದ್ರೆ "ಕ್ಲಿಯರ್" ಆಗ್ಬಹುದು, "ಲ್ಯಾಂಡಿಂಗ್ ಗೇರ್ ಡೌನ್" ಅಂದ್ರೆ ತಪ್ಪೋಕೆ ಜಾಗ ಕಮ್ಮಿ. ಏವಿಯೇಷನ್‌ನಲ್ಲಿ 9ನ್ನ "ನೈನರ್", 5ನ್ನ "ಫೈಫ್" ಅಂತ ಹೇಳೋದೂ ಇದೇ ಕಾರಣಕ್ಕೆ, ಗದ್ದಲದ ರೇಡಿಯೊದಲ್ಲಿ ಎರಡೂ ಒಂದೇ ಥರ ಕೇಳ್ಬಾರದು ಅಂತ. ಇನ್ನು ನಾವು ಕನ್ನಡ ಮಾತಾಡೋರು ಪದದ ಕೊನೇಲಿ ನಮಗೇ ಗೊತ್ತಿಲ್ದೆ ಒಂದು "ಉ" ಸೇರಿಸ್ತೀವಿ, ಗೇರು, ಫ್ಲ್ಯಾಪ್ಸು, ಲೈಟ್ಸು. ಅಮೆರಿಕನ್ ಉಚ್ಚಾರ ಅನುಕರಿಸೋಕೆ ಹೋಗ್ಬೇಡಿ, ಟೆನ್ಷನ್ ಹೊತ್ತಲ್ಲಿ ಅದು ಹೇಗೂ ಬರಲ್ಲ. ನಿಮ್ಮ ಬಾಯಲ್ಲಿ ಹೇಗೆ ಬರತ್ತೋ ಹಾಗೆ ಹೇಳಿ, ಸ್ಪೀಚ್ ಎಂಜಿನ್ ಯಾವ ಪದ ಅಂದ್ಕೊಳ್ತು ಅಂತ ಲಾಗ್ ನೋಡಿ, ಆ ತಪ್ಪು ಪದನ್ನೇ ಎರಡನೇ ಆಯ್ಕೆಯಾಗಿ ಅದೇ ಕಮಾಂಡ್‌ಗೆ ಸೇರಿಸಿ, ಒಂದಕ್ಕಿಂತ ಹೆಚ್ಚು ಮಾತು ಇಡೋಕೆ ಅವಕಾಶ ಇದೆ. ವಿಂಡೋಸ್‌ನಲ್ಲಿ ಸ್ಪೀಚ್ ಟ್ರೈನಿಂಗ್ ಇದ್ರೆ ಹಾರಿಸೋವಾಗ ಹಾಕೋ ಅದೇ ಹೆಡ್‌ಸೆಟ್, ಅದೇ ಮೈಕ್‌ನಲ್ಲಿ ಮಾಡಿ, ಲ್ಯಾಪ್‌ಟಾಪ್ ಮೈಕ್‌ನಲ್ಲಿ ಮಾಡಿದ ಟ್ರೈನಿಂಗ್ ಇಲ್ಲಿಗೆ ಸರಿಹೋಗಲ್ಲ. ಮಿನಿಮಮ್ ಕಾನ್ಫಿಡೆನ್ಸ್ (ಮಾತು ಎಷ್ಟು ಖಚಿತ ಅನ್ನಿಸಿದ್ರೆ ಕಮಾಂಡ್ ಒಪ್ಪೋದು ಅನ್ನೋ ಮಿತಿ) ಮೊದಲು ಕಮ್ಮಿ ಇಟ್ಟು, ಬೇಡದ್ದೆಲ್ಲ ಹಿಡಿಯೋಕೆ ಶುರುವಾದಾಗ ಸ್ವಲ್ಪ ಸ್ವಲ್ಪ ಏರಿಸಿ.

ಎಂಜಿನ್ ಆಫ್ ಮಾಡೋದು, ಇಂಧನ ಕಟ್ ಮಾಡೋದು ಇಂಥವನ್ನ ಮಾತಿಗೆ ಕೊಡ್ಲೇಬೇಡಿ, ಅವು ಕೈಯಲ್ಲೇ ಇರ್ಲಿ.

ಕೊನೇದಾಗಿ ಬ್ಯಾಟರಿ. ಬೆಂಗಳೂರಿಂದ ಲಂಡನ್ ಹಾರಿಸೋಕೆ ಕೂತ್ರೆ ಹತ್ತು ಗಂಟೆ ಮೇಲೆ ಆಗತ್ತೆ, ಕ್ರೂಸ್‌ನಲ್ಲಿ (ಮೇಲೆ ಸಮವಾಗಿ ಹಾರೋವಾಗ) ಸದ್ದಿಲ್ಲ ಅಂತ ಕೆಲವು ಹೆಡ್‌ಸೆಟ್ ತಾನೇ ಆಫ್ ಆಗತ್ತೆ. ಹೆಡ್‌ಸೆಟ್ ಆ್ಯಪ್‌ನಲ್ಲಿ ಆಟೊ ಪವರ್ ಆಫ್ ತೆಗೀರಿ, ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಸುಮ್ನಿರೋ ಯುಎಸ್‌ಬಿಯನ್ನ ಮಲಗಿಸೋದು) ಕೂಡ ತೆಗೀರಿ, ಡಿಸೆಂಟ್ (ಕೆಳಗಿಳಿಯೋದು) ಶುರು ಮಾಡೋಕೆ ಮೊದಲು ಒಂದು ಸಲ "ಲ್ಯಾಂಡಿಂಗ್ ಲೈಟ್ಸ್ ಆನ್" ಅಂತ ಹೇಳಿ ಲೈಟ್ ಹತ್ತಿತಾ ನೋಡ್ಕೊಳ್ಳಿ.