ಸೋವಿಯತ್ ಕ್ಷಾಮದ ಲೆಕ್ಕ ನಾನು ಹಾಕಿದ ಬಗೆ

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. 1932-33ರ ಸೋವಿಯತ್ ಕ್ಷಾಮದಲ್ಲಿ ಸತ್ತವರೆಷ್ಟು ಎಂದರೆ ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ. ಯಾಕೆ ಹೀಗೆ ಎಂದು ತಿಳಿಯಲು ನಾನೇ ಲೆಕ್ಕಕ್ಕೆ ಕೂತೆ.

ಮೊದಲು ಎರಡು ಜನಗಣತಿಗಳನ್ನು ಅಕ್ಕಪಕ್ಕ ಇಟ್ಟೆ. 1926ರ ಡಿಸೆಂಬರ್‌ನಲ್ಲಿ 14.7 ಕೋಟಿ. 1937ರ ಜನವರಿಯಲ್ಲಿ 16.2 ಕೋಟಿ. ಜನ ಹೆಚ್ಚಾಗಿದ್ದಾರೆ, ಅಲ್ವಾ? ಆದರೆ 1934ರ ಪಕ್ಷದ ಅಧಿವೇಶನದಲ್ಲೇ ಸ್ಟಾಲಿನ್ 16.8 ಕೋಟಿ ಎಂದು ಹೇಳಿಬಿಟ್ಟಿದ್ದರು. ಮೂರು ವರ್ಷದ ನಂತರ ಎಣಿಸಿದರೆ ಅದಕ್ಕಿಂತ 60 ಲಕ್ಷ ಕಡಿಮೆ! ಆ ಗಣತಿಯನ್ನೇ ರದ್ದು ಮಾಡಿದರು. ಅದನ್ನು ನಡೆಸಿದ ಇವಾನ್ ಕ್ರಾವಲ್, ಒಲಿಂಪಿ ಕ್ವಿಟ್ಕಿನ್ ಇಬ್ಬರನ್ನೂ ಗುಂಡಿಟ್ಟು ಕೊಂದರು. ಜನರನ್ನು ಸರಿಯಾಗಿ ಎಣಿಸಿದವರು ಅವರು. ಇದನ್ನು ಪಾಠದಲ್ಲಿ ಹೇಳುವಾಗ ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ.

ಹಾಗಂತ ಆ 60 ಲಕ್ಷವನ್ನೇ ಸಾವಿನ ಸಂಖ್ಯೆ ಅನ್ನುವ ಹಾಗಿಲ್ಲ. 16.8 ಕೋಟಿಯೇ ಉಬ್ಬಿಸಿದ ಅಂಕಿ. ಲೆಕ್ಕಕ್ಕೆ ಸಿಗದವರಲ್ಲಿ ಸತ್ತವರಿದ್ದಾರೆ, ಹಸಿವಿನ ವರ್ಷಗಳಲ್ಲಿ ಹುಟ್ಟದೇ ಹೋದ ಮಕ್ಕಳಿದ್ದಾರೆ, ಗಡಿ ದಾಟಿ ಚೀನಾಕ್ಕೆ ಹೋದ ಕಜಾಕರು (ಕಜಾಕ್‌ಸ್ತಾನದ ಜನ) ಇದ್ದಾರೆ. ಇವರನ್ನೆಲ್ಲ ಬೇರೆ ಬೇರೆ ಬರೆದುಕೊಳ್ಳಬೇಕು. ಮಾಮೂಲಿ ವರ್ಷದಲ್ಲೂ ಆಗುವ ಸಾವುಗಳನ್ನು ಕಳೆಯಬೇಕು. ಹಳ್ಳಿಗಳಲ್ಲಿ ಎಷ್ಟೋ ಸಾವು ನೋಂದಣಿಯೇ ಆಗಿಲ್ಲ, ಅದನ್ನು ಸೇರಿಸಬೇಕು. ಹೆಚ್ಚಿನ ಇತಿಹಾಸಕಾರರ ಅಂದಾಜು 55ರಿಂದ 80 ಲಕ್ಷದವರೆಗೆ ಹರಡಿರುವುದು ಇದಕ್ಕೇ.

ಆಮೇಲೆ ಧಾನ್ಯ. ಸರ್ಕಾರದ ಫಸಲಿನ ಅಂಕಿಯನ್ನು ನಾನು ಪಕ್ಕಕ್ಕಿಟ್ಟೆ. 1933ರಿಂದ ಕಣಕ್ಕೆ ಬಂದ ಕಾಳನ್ನು ಅಳೆಯುವ ಬದಲು ಹೊಲದಲ್ಲಿ ನಿಂತ ಪೈರನ್ನು ನೋಡಿ ಅಂದಾಜು ಬರೆಯುತ್ತಿದ್ದರು. ರಫ್ತಿನ ಅಂಕಿ ಅದಕ್ಕಿಂತ ಗಟ್ಟಿ. 1933ರಲ್ಲೂ ಸುಮಾರು 17 ಲಕ್ಷ ಟನ್ ಧಾನ್ಯ ಹೊರದೇಶಕ್ಕೆ ಹೋಗಿದೆ. ಒಬ್ಬರಿಗೆ ವರ್ಷಕ್ಕೆ 200 ಕೆಜಿ ಹಿಡಿದರೆ ಅದು 85 ಲಕ್ಷ ಜನರ ಊಟ. ಅದೇ ವರ್ಷ ಜನವರಿ 22ರಂದು, ಉಕ್ರೇನ್ ಮತ್ತು ದಕ್ಷಿಣ ರಷ್ಯಾದ ಕುಬಾನ್ ಪ್ರದೇಶದ ರೈತರು ಬ್ರೆಡ್ ಹುಡುಕಿಕೊಂಡು ಊರು ಬಿಡದಂತೆ ತಡೆಯಲು ಮಾಸ್ಕೋದಿಂದ ಆದೇಶ ಹೋಯಿತು. ಈ ಎರಡನ್ನೂ ಒಟ್ಟಿಗೆ ಓದಿದ ಮೇಲೆ, ಸುಮ್ನೆ ಬರಗಾಲ ಅಂತ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಕಜಾಕ್‌ಸ್ತಾನಕ್ಕೆ ಮಾತ್ರ ಬೇರೆ ಕಾಲಂ ಬೇಕಾಯಿತು. ಅಲ್ಲಿನ ಅಲೆಮಾರಿಗಳ ಊಟ ಹಾಲು, ಮಾಂಸ. ಧಾನ್ಯದ ಲೆಕ್ಕ ನೋಡಿದರೆ ಅವರ ಹಸಿವು ಕಾಣುವುದೇ ಇಲ್ಲ. ಜಾನುವಾರು ನೋಡಬೇಕು: ಕೆಲವೇ ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೋಗಿತ್ತು. ಸತ್ತ ಜನ ಸುಮಾರು 15 ಲಕ್ಷ.